ಚೊಚ್ಚಲ ಬಸುರಿಯೊಂದಿಗೆ ದೊಡ್ಡ ಹಬ್ಬ: ಮೂಲಮನೆಯ ದೀಪಾವಳಿಗೆ ಹೊರಡುವ ದಂಪತಿಗೊಂದು ಮಾರ್ಗದರ್ಶಿ

ಮಲೆನಾಡಿನಲ್ಲಿ ದೀಪಾವಳಿಯನ್ನು ದೊಡ್ಡ ಹಬ್ಬವೆಂದೇ ಕರೆಯುತ್ತಾರೆ. ಸಾಗರ, ಸೊರಬ, ಶಿರಸಿ, ತೀರ್ಥಹಳ್ಳಿಯ ಸುತ್ತಲಿನ ಮೂಲಮನೆಗಳಿಗೆ ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ನೀರು ತುಂಬುವ ದಿನದ ಸಂಜೆಯೊಳಗೆ ಬಂದು ಸೇರಿದರೆ, ಬಲಿಪಾಡ್ಯಮಿಯ ಗೋಪೂಜೆ ಮುಗಿಯುವವರೆಗೆ ಒಂದೇ ಸೂರಿನಡಿ ಮೂವತ್ತು ನಲವತ್ತು ಜನರ ಊಟ, ಸ್ನಾನ, ನಿದ್ದೆ ನಡೆಯಬೇಕು. ಆ ಮನೆಯ ಸೊಸೆಯೋ ಮಗಳೋ ಚೊಚ್ಚಲ ಬಸುರಿಯಾಗಿದ್ದರೆ ಎಲ್ಲರ ಕಣ್ಣೂ ಅವಳ ಮೇಲಿರುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ಹತ್ತು ಜನ ಹತ್ತು ಬಗೆಯಲ್ಲಿ ತೋರಿಸುವ ಅಕ್ಕರೆಗೆ ಅವಳೊಬ್ಬಳೇ ಉತ್ತರ ಕೊಡುತ್ತ ಹೋಗಬೇಕಾಗುತ್ತದೆ. ಇನ್ನೊಂದು ಹೋಳಿಗೆ ಬೇಡ, ಈ ಕಷಾಯ ಬೇಡ, ಈಗ ಸ್ವಲ್ಪ ಮಲಗಬೇಕು ಎಂದು ದಿನವಿಡೀ ಹೇಳಬೇಕಾಗಿ ಬಂದಾಗ, ಸಂಕೋಚ ಸ್ವಭಾವದ ಸೊಸೆಯಾದರೆ ಹೇಳುವುದನ್ನೇ ಬಿಟ್ಟು ಸಹಿಸಿಕೊಳ್ಳುತ್ತಾಳೆ. ಈ ಲೇಖನದ ಸಲಹೆಗಳೆಲ್ಲ ಒಂದೇ ಮಾತನ್ನು ಆಧರಿಸಿವೆ. ಬೇಡವೆನ್ನುವ ಹೊರೆಯನ್ನು ಬಸುರಿಯ ತಲೆಯಿಂದ ಇಳಿಸಿ, ಅವಳ ಪತಿಯೂ ಆ ಮನೆಯ ಒಬ್ಬ ಹಿರಿಯ ಹೆಂಗಸೂ ಹೊತ್ತುಕೊಳ್ಳಬೇಕು. ಅದಕ್ಕೆ ಬೇಕಾದ ಏರ್ಪಾಡು ಹಬ್ಬಕ್ಕೆ ಎರಡು ವಾರ ಮೊದಲೇ ಆಗಬೇಕು.

ಮೊದಲ ಹೆಜ್ಜೆ: ಹೋಗಬಹುದೇ ಎಂದು ವೈದ್ಯರನ್ನು ಕೇಳುವುದು

ಬಸ್ಸಿನ ಟಿಕೆಟ್ ಕಾಯ್ದಿರಿಸುವ ಮೊದಲು ನಿಮ್ಮನ್ನು ನೋಡುತ್ತಿರುವ ವೈದ್ಯರಿಗೆ ಊರು ಎಷ್ಟು ದೂರ, ದಾರಿ ಹೇಗಿದೆ, ಎಷ್ಟು ದಿನ ಇರುತ್ತೀರಿ, ಅಲ್ಲಿಂದ ಹತ್ತಿರದ ಹೆರಿಗೆ ಆಸ್ಪತ್ರೆ ಯಾವುದು ಎಂಬುದನ್ನೆಲ್ಲ ಸ್ಪಷ್ಟವಾಗಿ ತಿಳಿಸಿ. "ಊರಿಗೆ ಹೋಗಬಹುದೇ" ಎಂದಷ್ಟೇ ಕೇಳಿದರೆ ಸಿಗುವ ಉತ್ತರವೂ ಅಷ್ಟೇ ಮೊಟಕಾಗಿರುತ್ತದೆ. ಸಾಮಾನ್ಯವಾಗಿ 14ನೆಯ ವಾರದಿಂದ 28ನೆಯ ವಾರದವರೆಗಿನ ಕಾಲ ಪ್ರಯಾಣಕ್ಕೆ ಹೆಚ್ಚು ಅನುಕೂಲ. ಮೊದಲ ತಿಂಗಳುಗಳ ವಾಂತಿ ಮತ್ತು ಸುಸ್ತು ಅಷ್ಟರಲ್ಲಿ ತಗ್ಗಿರುತ್ತದೆ, ಹೊಟ್ಟೆಯ ಭಾರ ಇನ್ನೂ ನಡೆದಾಟಕ್ಕೆ ಅಡ್ಡಿಯಾಗುವಷ್ಟು ಬೆಳೆದಿರುವುದಿಲ್ಲ. ರಕ್ತಸ್ರಾವ ಕಾಣಿಸಿಕೊಂಡಿದ್ದರೆ, ಮಾಸು (ಪ್ಲಾಸೆಂಟಾ) ಗರ್ಭದ ಬಾಯಿಗೆ ಅಡ್ಡವಾಗಿ ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಹೇಳಿದ್ದರೆ, ಗರ್ಭದ ಬಾಯಿಗೆ ಹೊಲಿಗೆ ಹಾಕಿದ್ದರೆ, ಬಿ.ಪಿ. ಏರಿದ್ದರೆ ಅಥವಾ ಅವಳಿ ಮಕ್ಕಳಿದ್ದರೆ ವೈದ್ಯರು ಬೇಡವೆನ್ನುವ ಸಂಭವ ಹೆಚ್ಚು. ಹಾಗೆ ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳಿ ಒಪ್ಪಿಗೆ ಹುಡುಕುವುದು ಸರಿಯಲ್ಲ. ಈ ವರ್ಷ ಹಬ್ಬಕ್ಕೆ ಬರಲಾಗದು ಎಂದು ಪತಿಯೇ ತನ್ನ ತಂದೆತಾಯಿಗೆ ತಿಳಿಸಬೇಕು, ಹೆಂಡತಿಯಿಂದ ಹೇಳಿಸಬಾರದು.

ಪರೀಕ್ಷೆಗಳ ದಿನಾಂಕಗಳನ್ನೂ ಇದೇ ಭೇಟಿಯಲ್ಲಿ ನೋಡಿಕೊಳ್ಳಿ. 11ರಿಂದ 14ನೆಯ ವಾರದ ಸ್ಕ್ಯಾನಿಂಗ್, 18ರಿಂದ 20ನೆಯ ವಾರದ ಸುಮಾರಿಗೆ ಮಗುವಿನ ಅಂಗಾಂಗಗಳನ್ನು ನೋಡುವ ಸ್ಕ್ಯಾನಿಂಗ್, 24ರಿಂದ 28ನೆಯ ವಾರದೊಳಗಿನ ಸಕ್ಕರೆ ಪರೀಕ್ಷೆ, ಇವು ಆಯಾ ಅವಧಿಯಲ್ಲೇ ಆಗಬೇಕಾದವು. ಹಬ್ಬದ ವಾರದಲ್ಲಿ ಅನೇಕ ಸ್ಕ್ಯಾನಿಂಗ್ ಕೇಂದ್ರಗಳು ಮುಚ್ಚಿರುತ್ತವೆ, ತೆರೆದಿದ್ದರೂ ವೈದ್ಯರು ರಜೆಯ ಮೇಲಿರುತ್ತಾರೆ. ಆದ್ದರಿಂದ ಆ ವಾರಕ್ಕೆ ಬಿದ್ದಿರುವ ಪರೀಕ್ಷೆಯನ್ನು ಹೋಗುವ ಮುಂಚೆಯೇ ಮುಗಿಸಿಕೊಳ್ಳುವುದು ಲೇಸು. ಸಕ್ಕರೆ ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದರೆ ಹಬ್ಬದ ಎಲೆಯ ಮುಂದೆ ಕುಳಿತಾಗಲೂ ನೆರವಾಗುತ್ತದೆ; ಅದರ ಮಾತು ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ಊರಿಗೆ ಒಂದು ಫೋನ್

ನನ್ನ ದೃಷ್ಟಿಯಲ್ಲಿ ಇಡೀ ಸಿದ್ಧತೆಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಬೇರೆ ಇಲ್ಲ. ಆ ಮನೆಯಲ್ಲಿ ಯಾರ ಮಾತು ಅಡುಗೆಮನೆಯಲ್ಲೂ ಜಗಲಿಯಲ್ಲೂ ನಡೆಯುತ್ತದೋ ಅಂಥ ಒಬ್ಬ ಹಿರಿಯರನ್ನು ಆರಿಸಿಕೊಳ್ಳಿ. ಅವರು ಅತ್ತೆಯಾಗಿರಬಹುದು, ದೊಡ್ಡಮ್ಮನಾಗಿರಬಹುದು, ಹಿರಿಯ ಓರಗಿತ್ತಿಯೂ ಆಗಿರಬಹುದು. ಅತ್ತೆಯವರಿಗೆ ಹಬ್ಬದ ಹೊಣೆಯೇ ಮೈತುಂಬ ಇರುವ ಮನೆಗಳಲ್ಲಿ, ಮದುವೆಯಾಗಿ ಹೋದ ಸೋದರತ್ತೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತಾರೆ. ತವರಿನಲ್ಲಿ ಅವರ ಮಾತಿಗೆ ತೂಕವಿರುತ್ತದೆ, ಮೈಮೇಲೆ ಕೆಲಸ ಕಡಿಮೆ ಇರುತ್ತದೆ.

ಫೋನನ್ನು ಪತಿಯೇ ಮಾಡಬೇಕು. ಹೀಗೆ ಶುರುಮಾಡಬಹುದು: "ಅತ್ತೆ, ಡಾಕ್ಟರು ಹೋಗಿ ಬನ್ನಿ ಅಂದಿದ್ದಾರೆ, ಆದರೆ ನಾಲ್ಕು ವಿಷಯ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಇವಳು ಎಲ್ಲರ ಎದುರು ಹೇಳೋದಕ್ಕೆ ಸಂಕೋಚಪಡುತ್ತಾಳೆ. ನೀವು ಸ್ವಲ್ಪ ನೋಡಿಕೊಳ್ಳಬೇಕು." ಹಿರಿಯರಿಗೆ ಹೊಣೆಯನ್ನು ಒಪ್ಪಿಸಿದರೆ ಅವರು ಅದನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಅದೇ ಮಾತನ್ನು ಪಟ್ಟಿ ಮಾಡಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಆಜ್ಞೆಯಂತೆ ಕಾಣುತ್ತದೆ, ಬೇಸರಕ್ಕೂ ದಾರಿಯಾಗುತ್ತದೆ.

ಆ ಮಾತುಕತೆಯಲ್ಲಿ ಕೇಳಿಕೊಳ್ಳಬೇಕಾದವು ಹೆಚ್ಚೇನಿಲ್ಲ. ನೆಲದ ಹಾಸಿಗೆಯ ಬದಲು ಒಂದು ಮಂಚ, ಅದು ಬಚ್ಚಲಿಗೂ ಶೌಚಾಲಯಕ್ಕೂ ಹತ್ತಿರದ ಕೋಣೆಯಲ್ಲಿದ್ದರೆ ಉತ್ತಮ. ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಬೆಳಕು. ಮಧ್ಯಾಹ್ನ ಒಂದು ಗಂಟೆ ಬಾಗಿಲು ಮುಂದೆ ಮಾಡಿಕೊಂಡು ಮಲಗುವ ಅವಕಾಶ. ಪೂಜೆ ತಡವಾದರೂ ಅವಳಿಗೆ ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಲು ಕೊಡುವ ವ್ಯವಸ್ಥೆ. ಇಡೀ ಹಬ್ಬದುದ್ದಕ್ಕೂ ಓಡಿಸಬಲ್ಲವರು ಇರುವ, ಪೆಟ್ರೋಲ್ ತುಂಬಿಸಿಟ್ಟ ಒಂದು ಕಾರು ಅಂಗಳದಲ್ಲಿರಬೇಕು ಎಂಬುದನ್ನೂ ಸೇರಿಸಿ.

ಇನ್ನೂ ಮೂರು ತಿಂಗಳು ತುಂಬಿಲ್ಲ, ಯಾರಿಗೂ ಹೇಳಿಲ್ಲ ಎನ್ನುವವರ ಪಾಡು ಬೇರೆ. ವಾಂತಿಯನ್ನು ಮೂವತ್ತು ಜನರ ಮನೆಯಲ್ಲಿ ಮುಚ್ಚಿಡುವುದು ಸಾಧ್ಯವಿಲ್ಲ. ಮುಚ್ಚಿಡುವ ಶ್ರಮ ವಾಂತಿಗಿಂತ ಹೆಚ್ಚು ಬಳಲಿಸುತ್ತದೆ. ಇಂಥವರು ಆ ಒಬ್ಬ ಹಿರಿಯರಿಗಾದರೂ ಹೇಳಿ, ಸದ್ಯಕ್ಕೆ ತಮ್ಮಲ್ಲೇ ಇಟ್ಟುಕೊಳ್ಳಿ ಎಂದು ಕೇಳಿಕೊಂಡರೆ, ಉಳಿದವರ ಊಹೆಗಳನ್ನು ಅವರೇ ತಡೆಯುತ್ತಾರೆ.

ಮೂರನೆಯ ಹೆಜ್ಜೆ: ದಾರಿ

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ. ಇದೆ, ಸಾಗರಕ್ಕೆ ಇನ್ನೂ 70 ಕಿ.ಮೀ. ಮುಂದೆ ಹೋಗಬೇಕು. ಹಬ್ಬದ ಹಿಂದಿನ ದಿನ ನಗರ ದಾಟುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಸಾಧ್ಯವಿದ್ದವರು ಎಲ್ಲರಿಗಿಂತ ಎರಡು ದಿನ ಮೊದಲು ಹೊರಟು, ಎಲ್ಲರೂ ಹೊರಡುವ ದಿನ ಬಿಟ್ಟು ಮರಳುವುದು ಒಳ್ಳೆಯದು.

ರೈಲಿನ ಅನುಕೂಲವಿರುವ ಊರಾದರೆ ರೈಲನ್ನೇ ಆರಿಸಿಕೊಳ್ಳಿ. ಎದ್ದು ಓಡಾಡಬಹುದು, ಶೌಚಾಲಯವಿರುತ್ತದೆ, ಕುಲುಕಾಟ ಕಡಿಮೆ. ಗರ್ಭಿಣಿಯರಿಗೆ, 45 ವರ್ಷ ದಾಟಿದ ಮಹಿಳೆಯರಿಗೆ ಮತ್ತು ಹಿರಿಯ ನಾಗರಿಕರಿಗೆಂದು ಸ್ಲೀಪರ್ ಬೋಗಿಯಲ್ಲಿ ಆರೇಳು ಕೆಳಗಿನ ಬರ್ತ್‌ಗಳನ್ನು ರೈಲ್ವೆ ಮೀಸಲಿಡುತ್ತದೆ. ವೈದ್ಯರ ಪತ್ರವನ್ನು ಜೊತೆಗಿಟ್ಟುಕೊಂಡು ಬೇಗನೆ ಟಿಕೆಟ್ ಮಾಡಿಸಿ. ಸ್ಲೀಪರ್ ಬಸ್ಸಿನಲ್ಲೇ ಹೋಗಬೇಕಾದರೆ ಮಧ್ಯಭಾಗದ ಕೆಳಗಿನ ಹಾಸಿಗೆ ಸಿಗದ ಹೊರತು ಹತ್ತಬೇಡಿ. ಹಿಂಬದಿಯ ಚಕ್ರದ ಮೇಲಿನ ಜಾಗದಲ್ಲಿ ಪ್ರತಿ ಹಂಪ್ ಸೊಂಟಕ್ಕೆ ಬಡಿಯುತ್ತದೆ.

ಕಾರಿನಲ್ಲಿ ಹೋಗುವವರು ಸೀಟ್ ಬೆಲ್ಟ್ ಹಾಕಲೇಬೇಕು. ಹೊಟ್ಟೆಗೆ ಒತ್ತುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಡುವವರಿದ್ದಾರೆ, ಅದು ತಾಯಿ ಮಗು ಇಬ್ಬರಿಗೂ ಅಪಾಯ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲದೆ ಅದರ ಅಡಿಯಲ್ಲಿ, ಸೊಂಟದ ಮೂಳೆಗಳ ಮೇಲೆ ಹಾಯಬೇಕು. ಮೇಲಿನ ಪಟ್ಟಿ ಎದೆಯ ನಡುವಿನಿಂದ ಬಂದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಗರ್ಭಾವಸ್ಥೆಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಾಗಿರುವುದರಿಂದ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವುದು ಒಳ್ಳೆಯದಲ್ಲ. ಪ್ರತಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಯಿರಿ, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಿ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರ ಕಟ್ಟಿಕೊಂಡು ಕೂತು ಸೋಂಕು ತಂದುಕೊಂಡವರು ಹಬ್ಬವನ್ನು ಜ್ವರದಲ್ಲಿ ಕಳೆಯುತ್ತಾರೆ.

ವಿಮಾನದಲ್ಲಿ ಬರುವವರು ತಮ್ಮ ವಿಮಾನ ಕಂಪನಿಯ ನಿಯಮವನ್ನು ಮೊದಲೇ ಓದಿಕೊಳ್ಳಬೇಕು. ಕೊನೆಯ ತಿಂಗಳುಗಳಲ್ಲಿ ವೈದ್ಯರ ಪತ್ರ ಕೇಳುವುದು, 36 ವಾರದ ನಂತರ ಹತ್ತಿಸಿಕೊಳ್ಳದಿರುವುದು ಸಾಮಾನ್ಯ ಪದ್ಧತಿ.

ಕೈಚೀಲದಲ್ಲಿ ಇರಬೇಕಾದವು

ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳು, ರಕ್ತದ ಗುಂಪು ಬರೆದ ಚೀಟಿ, ಮಾತ್ರೆಗಳು. ಇವನ್ನು ದೊಡ್ಡ ಸೂಟ್‌ಕೇಸಿನಲ್ಲಿ ಸೇರಿಸದೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಎಲ್ಲದರ ಫೋಟೊ ಪತಿಯ ಫೋನಿನಲ್ಲೂ ಇರಲಿ. ಐರನ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡುವುದಿಲ್ಲ; ಐರನ್ ಮಾತ್ರೆಯ ಹಿಂದುಮುಂದೆ ಕಾಫಿ ಟೀ ಕೂಡ ಬೇಡ. ಹಬ್ಬದ ಮನೆಯಲ್ಲಿ ಕಾಫಿ ಗಂಟೆಗೊಮ್ಮೆ ಬರುವುದರಿಂದ ಈ ಮಾತು ನೆನಪಿರಲಿ. ತಲೆನೋವು, ಮೈಕೈನೋವಿಗೆ ಏನು ತೆಗೆದುಕೊಳ್ಳಬಹುದು ಎಂದು ವೈದ್ಯರಿಂದ ಬರೆಸಿಕೊಂಡು ಬನ್ನಿ. ಸಾಮಾನ್ಯವಾಗಿ ಅವರು ಪ್ಯಾರಾಸಿಟಮಾಲ್ ಬರೆಯುತ್ತಾರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು, ಅದರಲ್ಲೂ 20ನೆಯ ವಾರದ ನಂತರ, ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಬಲ್ಲವು. ಮಾವನವರ ಡಬ್ಬಿಯಲ್ಲಿರುವ ಮೊಣಕಾಲು ನೋವಿನ ಮಾತ್ರೆಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ನಾಲ್ಕನೆಯ ಹೆಜ್ಜೆ: ಎಣ್ಣೆ ಸ್ನಾನ ಮತ್ತು ಬಚ್ಚಲುಮನೆ

ನರಕ ಚತುರ್ದಶಿಯ ಅಭ್ಯಂಜನವನ್ನು ಬಸುರಿ ಬಿಡಬೇಕಿಲ್ಲ. ಹದವಾಗಿ ಎಣ್ಣೆ ಹಚ್ಚಿಸಿಕೊಂಡು ಬೆಚ್ಚನೆಯ ನೀರು ಹಾಕಿಕೊಂಡರೆ ಸೊಂಟ, ಕಾಲುಗಳಿಗೆ ಹಿತವಾಗುತ್ತದೆ. ಅಪಾಯವಿರುವುದು ಎರಡು ಕಡೆ. ಹಂಡೆಯಲ್ಲಿ ಕುದಿಯುವಂತೆ ಕಾಯಿಸಿದ ನೀರನ್ನು ಬೆನ್ನು ಕೆಂಪಾಗುವವರೆಗೆ ಹೊಯ್ಯುವ ಪದ್ಧತಿ ಬೇಡ. ಮೈಯ ಒಳಗಿನ ಶಾಖ ಬಹಳ ಏರುವುದು, ಮೊದಲ ತಿಂಗಳುಗಳಲ್ಲಂತೂ, ಮಗುವಿಗೆ ಒಳ್ಳೆಯದಲ್ಲ, ತಲೆಸುತ್ತಿ ಬೀಳುವ ಭಯವೂ ಇದೆ. ಒಳಮೊಣಕೈಗೆ ಹಾಕಿ ನೋಡಿದರೆ ಹಿತವೆನಿಸುವಷ್ಟು ಬಿಸಿ ಸಾಕು. ಇನ್ನೊಂದು, ಅವಳಿಗಿಂತ ಮೊದಲು ಹತ್ತು ಜನ ಮಿಂದು ಎಣ್ಣೆ, ಸೀಗೆಪುಡಿ ಹರಿದ ನೆಲ. ಚೊಚ್ಚಲ ಬಸುರಿಯರ ಸರದಿ ಮೊದಲು ಬರಲಿ ಎಂದು ಆ ಹಿರಿಯರಿಂದ ಹೇಳಿಸಿ. ತಗ್ಗಿನ ಮಣೆಯ ಬದಲು ಪ್ಲಾಸ್ಟಿಕ್ ಕುರ್ಚಿಯಿರಲಿ, ಕಾಲಡಿ ಒದ್ದೆ ಗೋಣಿಚೀಲ ಹಾಸಿದರೆ ಜಾರುವುದಿಲ್ಲ. ಒಬ್ಬರು ಜೊತೆಗಿರಲಿ, ಚಿಲಕ ಹಾಕಿಕೊಳ್ಳುವುದು ಬೇಡ. ಬರಿ ಹೊಟ್ಟೆಯಲ್ಲಿ ನಸುಕಿನ ನಾಲ್ಕಕ್ಕೆ ಏಳಿಸಿ ಮೀಯಿಸುವುದಕ್ಕಿಂತ, ಒಂದು ಲೋಟ ಹಾಲೋ ಎರಡು ಬಾಳೆಹಣ್ಣೋ ಕೊಟ್ಟು ಆಮೇಲೆ ಸ್ನಾನ ಮಾಡಿಸುವುದು ಸರಿ.

ಮಲಗುವ ವಿಷಯಕ್ಕೆ ಇಷ್ಟು ಸಾಕು: 28ನೆಯ ವಾರದ ನಂತರ ಅಂಗಾತ ಮಲಗಿ ನಿದ್ದೆಹೋಗಬಾರದು, ಮಗ್ಗುಲಾಗಿ ಮಲಗಬೇಕು, ಮೊಣಕಾಲುಗಳ ನಡುವೆ ಒಂದು ದಿಂಬು ಬೇಕು. ದಿಂಬುಗಳು ಹಂಚಿಹೋಗುವ ಮೊದಲೇ ಎರಡನ್ನು ಎತ್ತಿಟ್ಟುಕೊಳ್ಳಿ.

ಐದನೆಯ ಹೆಜ್ಜೆ: ಅಡುಗೆಮನೆ ಮತ್ತು ಎಲೆ

ಹಬ್ಬದ ಮನೆಯಲ್ಲಿ ಬಸುರಿ ಏನೂ ಮಾಡದೆ ಕೂತರೆ ಅವಳಿಗೇ ಬೇಸರ. ಕೂತು ಮಾಡುವ ಕೆಲಸ ಬೇಕಾದಷ್ಟಿದೆ. ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಹಣತೆಗಳನ್ನು ಒರೆಸಿ ಜೋಡಿಸುವುದು, ಗೋವಿಗೆ ಹಾಕುವ ಮಾಲೆಗೆ ಅಡಿಕೆ, ಹೂವು ಪೋಣಿಸುವುದನ್ನು ಅವಳಿಗೆ ಕೊಡಿ. ನೀರು ತುಂಬಿದ ಕೊಡ ಎತ್ತುವುದು, ದೊಡ್ಡ ಪಾತ್ರೆ ಇಳಿಸುವುದು, ಅಂಗಳದ ತುಂಬ ಬಗ್ಗಿ ರಂಗೋಲಿ ಹಾಕುವುದು, ಸೌದೆ ಒಲೆಯ ಹೊಗೆಯಲ್ಲಿ ನಿಲ್ಲುವುದು ಬೇಡ. ಒಲೆಯ ಹೊಗೆಗೆ ಸದಾ ಒಡ್ಡಿಕೊಂಡ ತಾಯಂದಿರ ಮಕ್ಕಳು ಕಡಿಮೆ ತೂಕದಿಂದ ಹುಟ್ಟುವುದು ಹೆಚ್ಚು. ಮೂರು ದಿನದಲ್ಲಿ ಅಷ್ಟೇನೂ ಆಗದಿದ್ದರೂ ಉಸಿರು ಕಟ್ಟಿ ವಾಂತಿಯಾಗಲು ಅದೇ ಸಾಕು. ಹಿರಿಯ ಹೆಂಗಸರು ನಿಂತು ದುಡಿಯುತ್ತಿರುವಾಗ ತಾನು ಕೂತಿರುವುದು ಹೇಗೆ ಎಂಬ ಅಳುಕು ಸೊಸೆಯಂದಿರಿಗೆ ಇದ್ದೇ ಇರುತ್ತದೆ. ಆ ಅಳುಕನ್ನು ಹೋಗಲಾಡಿಸುವ ಮಾತು ಹಿರಿಯರ ಬಾಯಿಂದಲೇ ಬರಬೇಕು: "ನೀನು ಇಲ್ಲಿ ಕೂತು ಹೂ ಕಟ್ಟು ಮಗಾ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ." ಪತಿಯಾದವನು ಅವಳ ಪಾಲಿನ ಕೆಲಸಕ್ಕೆ ತಾನೇ ಎದ್ದು ನಿಂತರೆ ಇನ್ನೂ ಒಳ್ಳೆಯದು. ಬಡಿಸುವುದಕ್ಕೆ, ಎಲೆ ಎತ್ತುವುದಕ್ಕೆ, ನೀರು ಸೇದುವುದಕ್ಕೆ ಗಂಡಸರು ಬರಬಾರದೆಂದು ಯಾವ ಕಟ್ಟಳೆಯೂ ಇಲ್ಲ.

ಊಟದ ಹೊತ್ತಿನ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಪೂಜೆ, ನೈವೇದ್ಯ ಮುಗಿದು ಮೊದಲ ಪಂಕ್ತಿ ಏಳುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆಯಾಗುವುದು ಸಾಮಾನ್ಯ, ಹೆಂಗಸರ ಪಂಕ್ತಿಗೆ ಮೂರೂ ಆಗುತ್ತದೆ. ಬಸುರಿ ಅಷ್ಟು ಹೊತ್ತು ಹಸಿದಿರಬಾರದು. ಬಸುರಿ, ಬಾಣಂತಿ, ಮಕ್ಕಳು, ರೋಗಿಗಳಿಗೆ ಉಪವಾಸದ ಕಟ್ಟು ಇಲ್ಲವೆಂದು ಹಿರಿಯರೇ ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಅವರಿಗೆ ನೆನಪಿಸಿದರೆ ಸಾಕು. ಎರಡು ಮೂರು ಗಂಟೆಗೊಮ್ಮೆ ಅವಲಕ್ಕಿ, ಹಣ್ಣು, ಮೊಸರನ್ನ, ಹುರಿದ ಕಡಲೆ, ಏನಾದರೊಂದು ಸ್ವಲ್ಪ ಸ್ವಲ್ಪ ತಿನ್ನುತ್ತಿರಲಿ, ಮತ್ತು ಮೊದಲ ಪಂಕ್ತಿಯಲ್ಲೇ ಅವಳನ್ನು ಕೂರಿಸಿ. ಸಾಧ್ಯವಿದ್ದರೆ ಮೇಜಿನ ಮೇಲೆ ಎಲೆ ಹಾಕಿ.

ಸಿಹಿಯ ವಿಷಯದಲ್ಲಿ ಸಕ್ಕರೆ ಪರೀಕ್ಷೆಯ ಫಲಿತಾಂಶವೇ ಅಳತೆ. ನಮ್ಮ ದೇಶದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಿಣಿಯ ಸಕ್ಕರೆ ಕಾಯಿಲೆಯೆಂದು ಪರಿಗಣಿಸುತ್ತಾರೆ. ಹಾಗೆ ಬಂದವರು ವೈದ್ಯರು ಹೇಳಿದ ಪಥ್ಯವನ್ನು ಹಬ್ಬಕ್ಕೆಂದು ಸಡಿಲಿಸಬಾರದು. ಬೆಲ್ಲದ ಹೋಳಿಗೆ ಸಕ್ಕರೆಗಿಂತ ವಾಸಿ ಎಂಬ ಸಮಾಧಾನವೂ ಇಲ್ಲಿ ನಡೆಯುವುದಿಲ್ಲ, ರಕ್ತದಲ್ಲಿ ಎರಡೂ ಒಂದೇ. ಫಲಿತಾಂಶ ಸರಿಯಿದ್ದವರು ಹೋಳಿಗೆ ತಿನ್ನಲಿ, ತುಪ್ಪವನ್ನೂ ಹಾಕಿಕೊಳ್ಳಲಿ, ಆದರೆ ಇಬ್ಬರ ಊಟ ಉಣ್ಣಬೇಕೆಂಬ ಒತ್ತಾಯಕ್ಕೆ ಬೀಳಬೇಕಿಲ್ಲ. ಮೊದಲ ಮೂರು ತಿಂಗಳು ಹೆಚ್ಚಿನ ಆಹಾರದ ಅಗತ್ಯವೇ ಇಲ್ಲ, ಆಮೇಲೂ ಬೇಕಾಗುವುದು ದಿನಕ್ಕೆ ಒಂದು ಸಣ್ಣ ತಿಂಡಿಯಷ್ಟು ಹೆಚ್ಚಿಗೆ ಮಾತ್ರ. ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬಡಿಸುವವರಿದ್ದಾರೆ. ಪಕ್ಕದಲ್ಲಿ ಪತಿ ಕೂತು "ಅವಳಿಗೆ ಸಾಕು" ಎಂದರೆ ಅಲ್ಲಿಗೆ ಮುಗಿಯುತ್ತದೆ.

ತಿನ್ನಬಾರದ್ದರ ಪಟ್ಟಿ ಪ್ರತಿ ಮನೆಯಲ್ಲೂ ಉದ್ದವಾಗಿರುತ್ತದೆ, ಅದರಲ್ಲಿ ನಿಜವಾಗಿ ಬಿಡಬೇಕಾದವು ಕೆಲವೇ. ಕಾಯಿಪಪ್ಪಾಯಿಯ ಹಾಲಿನಂಥ ರಸ ಗರ್ಭಕೋಶವನ್ನು ಕೆರಳಿಸಬಲ್ಲದು, ಆದ್ದರಿಂದ ಪಪ್ಪಾಯಿ ಕಾಯಿಯ ಪಲ್ಯ ಬೇಡ. ಕಾಯಿಸದ ಹಾಲು ಬೇಡ, ಕೊಟ್ಟಿಗೆಯಿಂದ ಆಗತಾನೆ ಕರೆದು ತಂದ ನೊರೆಹಾಲಾದರೂ ಬೇಡ. ಬೆಳಗಿನ ಅಡುಗೆಯನ್ನು ಹೊರಗೇ ಇಟ್ಟು ರಾತ್ರಿ ಹಾಗೆಯೇ ಬಡಿಸಿದರೆ ಬೇಡ, ಕುದಿಬರುವಂತೆ ಬಿಸಿಮಾಡಿದ್ದನ್ನೇ ತಿನ್ನಬೇಕು. ಕವಳ (ಎಲೆಯಡಿಕೆ) ಹಾಕುವ ಮನೆಗಳಲ್ಲಿ ಊಟದ ನಂತರ ತಟ್ಟೆ ಎಲ್ಲರ ಮುಂದೆ ಬರುತ್ತದೆ. ತಂಬಾಕಂತೂ ಖಂಡಿತ ಬೇಡ. ಗರ್ಭಿಣಿಯರು ಅಡಿಕೆ ಅಗಿಯುವುದಕ್ಕೂ ಮಗುವಿನ ತೂಕ ಕಡಿಮೆಯಾಗುವುದಕ್ಕೂ ಸಂಬಂಧ ಕಂಡುಬಂದಿದೆ. ಅಡಿಕೆಯೇ ಅನ್ನ ಕೊಡುವ ಊರಿನಲ್ಲಿ ಇದನ್ನು ಹೇಳುವುದು ಕಷ್ಟವಾದರೂ, ಹೆರಿಗೆಯಾಗುವವರೆಗೆ ವೀಳ್ಯದೆಲೆಯನ್ನು ಕಣ್ಣಿಗೊತ್ತಿಕೊಂಡು ತಟ್ಟೆಯಲ್ಲೇ ಇಟ್ಟರೆ ಯಾರಿಗೂ ಅಗೌರವವಾಗುವುದಿಲ್ಲ. ಕೇಸರಿ ಹಾಕಿದ ಹಾಲಿನಿಂದ ಮಗು ಬೆಳ್ಳಗಾಗುವುದಿಲ್ಲ, ಚಿಟಿಕೆ ಕೇಸರಿಯಿಂದ ಕೆಡುಕೂ ಇಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಕುಡಿದುಬಿಡಿ. ಆದರೆ ಬೇರು, ತೊಗಟೆ, ಗೊತ್ತಿಲ್ಲದ ಸೊಪ್ಪು ಹಾಕಿ ಕುದಿಸಿದ ಕಷಾಯಗಳನ್ನು ವೈದ್ಯರನ್ನು ಕೇಳದೆ ಕುಡಿಯಬೇಡಿ. "ಡಾಕ್ಟರನ್ನು ಕೇಳಿ ನಾಳೆ ಕೊಡೋಣ ಅಜ್ಜಿ" ಎಂದು ಪತಿ ಲೋಟವನ್ನು ತಾನೇ ತೆಗೆದಿಡಲಿ.

ಆರನೆಯ ಹೆಜ್ಜೆ: ಪಟಾಕಿ, ಜ್ವರದ ಮಕ್ಕಳು, ಕೊಟ್ಟಿಗೆ

ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಹಚ್ಚಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಆದೇಶಿಸಿತು. ಆ ಎರಡು ಗಂಟೆ ಬಸುರಿ ಒಳಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡಿದ್ದರೆ ಹೊಗೆಯಿಂದ ಪಾರಾಗಬಹುದು. ಎಲ್ಲೋ ಒಂದು ಪಟಾಕಿ ಸಿಡಿದ ಸದ್ದಿಗೆ ಹೊಟ್ಟೆಯೊಳಗಿನ ಮಗು ಬೆಚ್ಚಿ ಒದ್ದರೆ ಗಾಬರಿಪಡಬೇಕಿಲ್ಲ. ಆರೇಳು ತಿಂಗಳ ಹೊತ್ತಿಗೆ ಅದಕ್ಕೆ ಹೊರಗಿನ ಸದ್ದು ಕೇಳಿಸುತ್ತಿರುತ್ತದೆ. ಪಕ್ಕದಲ್ಲೇ ಸರಪಟಾಕಿ ಸಿಡಿಯುವಾಗ ನಿಂತಿರುವುದು ಮಾತ್ರ ಬೇಡ. ಹಣತೆಗಳ ನಡುವೆ ಓಡಾಡುವಾಗ ನೈಲಾನ್ ಸೀರೆಗಿಂತ ಹತ್ತಿಯ ಸೀರೆ ಸುರಕ್ಷಿತ; ಲಂಗದ ಲಾಡಿಯನ್ನು ಹೊಟ್ಟೆಯ ಕೆಳಗೆ ಸಡಿಲವಾಗಿ ಕಟ್ಟಿ.

ನೆಂಟರ ಮಕ್ಕಳಲ್ಲಿ ಯಾರಿಗಾದರೂ ಜ್ವರ, ಮೈಮೇಲೆ ದದ್ದು, ಕೆನ್ನೆ ಊತ ಇದೆಯೇ ಎಂದು ಬರುವ ಮೊದಲೇ ವಿಚಾರಿಸುವುದು ಪತಿಯ ಕೆಲಸ. ಸಿಡುಬು ಎಂದು ನಾವು ಹಳ್ಳಿಗಳಲ್ಲಿ ಈಗಲೂ ಹೇಳುವ ಚಿಕನ್‌ಪಾಕ್ಸ್, ರುಬೆಲ್ಲಾ, ಫ್ಲೂ ಇವು ಗರ್ಭಿಣಿಯ ಮಟ್ಟಿಗೆ ಹಗುರವಾಗಿ ಕಾಣುವ ಕಾಯಿಲೆಗಳಲ್ಲ. ರುಬೆಲ್ಲಾ ಲಸಿಕೆಯನ್ನು ಗರ್ಭಾವಸ್ಥೆಯಲ್ಲಿ ಕೊಡುವುದಿಲ್ಲ, ಫ್ಲೂ ಲಸಿಕೆಯನ್ನು ಕೊಡುತ್ತಾರೆ; ಹೊರಡುವ ಎರಡು ವಾರ ಮೊದಲು ಅದನ್ನು ಹಾಕಿಸಿಕೊಳ್ಳುವ ಬಗ್ಗೆ ಕೇಳಿ. ಚಿಕನ್‌ಪಾಕ್ಸ್ ಬಂದ ಮಗುವಿನ ಜೊತೆಗಿದ್ದದ್ದು ಆಮೇಲೆ ತಿಳಿದರೆ, ಹಿಂದೆ ನಿಮಗೆ ಅದು ಬಂದಿಲ್ಲವಾದರೆ, ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ರೋಗ ತಡೆಯುವ ಚಿಕಿತ್ಸೆಯಿದೆ, ಅದಕ್ಕೆ ಕಾಲಮಿತಿಯೂ ಇದೆ. ಚಿಕ್ಕ ಮಕ್ಕಳ ಎಂಜಲು ತಿನ್ನದಿರುವುದು, ಮೂಗು ಒರೆಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಇಂಥ ಅನೇಕ ಸೋಂಕುಗಳನ್ನು ದೂರವಿಡುತ್ತದೆ.

ಬಲಿಪಾಡ್ಯಮಿಯ ಗೋಪೂಜೆಯಲ್ಲಿ ಆರತಿ ಎತ್ತುವಾಗ ಹಸುವನ್ನು ಒಬ್ಬರು ಹಿಡಿದಿರಲಿ, ಬಸುರಿ ಅದರ ಕೊರಳ ಕಡೆ ನಿಲ್ಲಲಿ. ಹಬ್ಬದ ಗದ್ದಲಕ್ಕೂ ಜಾಗಟೆಗೂ ಬೆದರಿದ ದನ ಒದೆಯುತ್ತದೆ. ಆಗತಾನೆ ಕರು ಹಾಕಿದ ಅಥವಾ ಗರ್ಭ ಕಳೆದುಕೊಂಡ ದನವಿರುವ ಕಡೆ ಅವಳು ಹೋಗದಿರುವುದು ಲೇಸು. ಬ್ರುಸೆಲ್ಲಾ ಎಂಬ ಸೋಂಕು ಅಂಥಲ್ಲಿಂದ ಹಬ್ಬುತ್ತದೆ. ಕಾಡಿನ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಎಂಬ ಜ್ವರವನ್ನು ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ಋತು ಹಬ್ಬ ಮುಗಿಯುವ ಹೊತ್ತಿಗೆ ಶುರುವಾಗುವುದರಿಂದ ಬೆಟ್ಟ ಸುತ್ತುವ ಮಕ್ಕಳ ಗುಂಪಿನೊಂದಿಗೆ ಹೋಗುವುದನ್ನೂ ಬಿಡಿ.

ಏಳನೆಯ ಹೆಜ್ಜೆ: ಮಾತುಗಳಿಗೆ ಉತ್ತರ

ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಹೇಳುವವರು ಪ್ರತಿ ಪಂಕ್ತಿಯಲ್ಲೂ ಇರುತ್ತಾರೆ. ಅದನ್ನು ನಕ್ಕು ಬಿಟ್ಟುಬಿಡಬಹುದು. "ಸ್ಕ್ಯಾನಿಂಗ್‌ನಲ್ಲಿ ಏನಂತೆ" ಎಂದು ಕೇಳಿದಾಗ ಮಾತ್ರ ಪತಿ ನೇರವಾಗಿ ಉತ್ತರಿಸಬೇಕು: ಕೇಳುವುದೂ ಹೇಳುವುದೂ 1994ರ ಕಾನೂನಿನ ಪ್ರಕಾರ ಅಪರಾಧ, ನಾವು ಕೇಳಿಲ್ಲ, ನಮಗೆ ಬೇಕಾಗಿಯೂ ಇಲ್ಲ. ಗಂಡೇ ಆಗಲಿ ಎಂಬ ಹಾರೈಕೆ ಅವಳ ಕಿವಿಗೆ ಬಿದ್ದಾಗ ಅವಳ ಮನಸ್ಸು ಎಷ್ಟು ಕುಗ್ಗುತ್ತದೆ ಎಂಬುದನ್ನು ಹಾರೈಸುವವರು ಯೋಚಿಸಿರುವುದಿಲ್ಲ. ಆ ಹೊತ್ತಿಗೆ ಗಂಡನಾದವನು ಸುಮ್ಮನಿರಬಾರದು.

ಕಷ್ಟದ ಹೆರಿಗೆಗಳ ಕಥೆಗಳು ಇನ್ನೊಂದು ಪೀಡೆ. ಹೇಳುವವರಿಗೆ ಅದು ತಮ್ಮ ಧೈರ್ಯದ ನೆನಪು, ಕೇಳುವ ಚೊಚ್ಚಲ ಬಸುರಿಗೆ ನಿದ್ದೆಗೇಡು. ನೀವು ನಂಬಿದ ಹಿರಿಯರು ಇಂಥ ಮಾತು ಶುರುವಾದಾಗ ಅವಳನ್ನು ಬೇರೆ ಕೆಲಸದ ನೆಪದಲ್ಲಿ ಎಬ್ಬಿಸಿ ಕರೆದೊಯ್ಯಬಹುದು. ಅಮಾವಾಸ್ಯೆಯ ಹಬ್ಬವಾದ್ದರಿಂದ ಕೆಲವು ವರ್ಷ ಸೂರ್ಯಗ್ರಹಣವೂ ಕೂಡಿಬರುತ್ತದೆ. 2022ರ ಅಕ್ಟೋಬರ್ 25ರಂದು ಹಾಗೆಯೇ ಆಗಿತ್ತು. ಬಸುರಿ ಒಳಗೆ ಕೂರಲಿ ಎಂದರೆ ಕೂರುವುದರಿಂದ ನಷ್ಟವಿಲ್ಲ, ಆದರೆ ಗ್ರಹಣ ಬಿಡುವವರೆಗೆ ನೀರು, ಆಹಾರ ಬಿಡುವುದಕ್ಕೆ ಒಪ್ಪಬೇಡಿ. ತಾಯಿಯ ಹಸಿವು, ಬಾಯಾರಿಕೆಯಿಂದ ಆಗುವ ತೊಂದರೆ ನಿಜವಾದದ್ದು.

ಎಂಟನೆಯ ಹೆಜ್ಜೆ: ಸೀಮಂತ, ಹೆರಿಗೆಯ ಊರು

ಎಲ್ಲರೂ ಸೇರಿದ್ದಾರಲ್ಲ, ಸೀಮಂತವನ್ನೂ ಮುಗಿಸಿಬಿಡೋಣ ಎಂಬ ಮಾತು ಏಳುವುದುಂಟು. ಉತ್ತರ ಕರ್ನಾಟಕದ ಮನೆಗಳಲ್ಲಾದರೆ ಕುಬುಸ, ಹಸಿರು ಬಳೆ, ಉಡಿ ತುಂಬುವುದು. ತಿಂಗಳು ಸರಿಯಿದ್ದು, ಹೆಣ್ಣಿನ ತವರಿನವರಿಗೂ ಬರಲು ಸಾಧ್ಯವಿದ್ದರೆ ಇದು ಒಳ್ಳೆಯ ಯೋಚನೆಯೇ, ಎರಡನೆಯ ಪ್ರಯಾಣ ತಪ್ಪುತ್ತದೆ. ಹಬ್ಬ ಮುಗಿದ ಮೇಲೆ ಒಂದು ದಿನ ಬಿಡುವು ಕೊಟ್ಟು ಇಟ್ಟುಕೊಳ್ಳಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಒಂದೂವರೆ ಗಂಟೆಯೊಳಗೆ ಮುಗಿಸಿ. ತವರಿನವರನ್ನು ಕೇಳದೆ ದಿನ ಗೊತ್ತುಮಾಡುವುದು ಮಾತ್ರ ದೊಡ್ಡ ತಪ್ಪು.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ರೂಢಿ. ಅದನ್ನು ಎಂಟನೆಯ ತಿಂಗಳಲ್ಲಿ ಫೋನಿನಲ್ಲಿ ಚರ್ಚಿಸುವುದಕ್ಕಿಂತ ಎರಡೂ ಕಡೆಯ ಹಿರಿಯರು ಎದುರಿಗಿರುವಾಗ ಮ‍ಾತಾಡಿ ಮುಗಿಸುವುದು ವಾಸಿ. ಮೊದಲು ಅವಳನ್ನೇ ಕೇಳಿ. ಆಮೇಲೆ ನೋಡಬೇಕಾದ್ದು ಆ ಊರಿನಿಂದ ರಾತ್ರಿ ಹೊತ್ತೂ ಸಿಸೇರಿಯನ್ ಮಾಡಬಲ್ಲ, ರಕ್ತ ಒದಗಿಸಬಲ್ಲ, ನವಜಾತ ಶಿಶುವನ್ನು ನೋಡಿಕೊಳ್ಳಬಲ್ಲ ಆಸ್ಪತ್ರೆ ಎಷ್ಟು ದೂರದಲ್ಲಿದೆ ಎಂಬುದನ್ನು. ತವರಿಗೆ ಹೋಗುವುದೆಂದಾದರೆ 34ನೆಯ ವಾರದೊಳಗೆ ಅಲ್ಲಿಯ ವೈದ್ಯರಿಗೆ ತೋರಿಸಿ ಹೆಸರು ನೋಂದಾಯಿಸಬೇಕು. ಈ ಹಬ್ಬದ ಬಿಡುವಿನಲ್ಲೇ ಒಮ್ಮೆ ಆ ಆಸ್ಪತ್ರೆಯನ್ನು ನೋಡಿಬಂದರೆ ಇನ್ನೂ ಅನುಕೂಲ.

ಹಬ್ಬವನ್ನು ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು

ರಕ್ತಸ್ರಾವ, ಕೆಳಗಿನಿಂದ ನೀರು ಸೋರುವುದು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಕಣ್ಣು ಮಂಜಾಗುವ ತಲೆನೋವು, ಮುಖ ಮತ್ತು ಕೈ ಒಮ್ಮೆಲೇ ಊದಿಕೊಳ್ಳುವುದು, ಜ್ವರ, ನೀರೂ ನಿಲ್ಲದಷ್ಟು ವಾಂತಿ, ಏಳು ತಿಂಗಳ ನಂತರ ಮಗುವಿನ ಅಲುಗಾಟ ಎಂದಿಗಿಂತ ಕಡಿಮೆಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ಪೂಜೆ ಮುಗಿಯಲಿ, ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರಲು ತಡವಾಗುವ ಒಳಹಳ್ಳಿಯಾದರೆ ಅಂಗಳದಲ್ಲಿ ನಿಲ್ಲಿಸಿಟ್ಟ ಕಾರು ಇರುವುದೇ ಇದಕ್ಕೆ. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಮುಂದಿನ ಜಿಲ್ಲಾ ಆಸ್ಪತ್ರೆ (ಶಿವಮೊಗ್ಗದಲ್ಲಾದರೆ ಮೆಗ್ಗಾನ್) ಎಲ್ಲಿದೆ, ಹಬ್ಬದ ದಿನ ಯಾರಿರುತ್ತಾರೆ ಎಂಬುದನ್ನು ತಲುಪಿದ ದಿನವೇ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ.

ಮರಳುವಾಗ ಮತ್ತು ಮರಳಿದ ಮೇಲೆ

ಅತ್ತೆಯವರು ಕಟ್ಟಿಕೊಡುವ ಉಪ್ಪಿನಕಾಯಿ, ಹಪ್ಪಳ, ತೆಂಗಿನಕಾಯಿಗಳ ಚೀಲವನ್ನು ಬಸುರಿ ಮುಟ್ಟಬಾರದು. ಮರುದಿನವೇ ಕಚೇರಿಗೆ ಹೋಗದೆ ಒಂದು ದಿನ ಪೂರ್ತಿ ಮಲಗಿ. ಮುಂದಿನ ತಪಾಸಣೆಯಲ್ಲಿ ತೂಕ, ಬಿ.ಪಿ. ನೋಡಿಸುವಾಗ ಹಬ್ಬದ ದಿನಗಳಲ್ಲಿ ಯಾವ ಮಾತ್ರೆ ತಪ್ಪಿತು, ಯಾವ ಕಷಾಯ ಕುಡಿದಿರಿ, ಎಲ್ಲಾದರೂ ಜಾರಿದಿರಾ ಎಂಬುದನ್ನು ಮುಚ್ಚಿಡದೆ ಹೇಳಿ. ಮರಳಿದ ಮೂರು ವಾರದೊಳಗೆ ಜ್ವರವೋ ಮೈಮೇಲೆ ಗುಳ್ಳೆಯೋ ಕಾಣಿಸಿದರೆ, ಕೆಲವು ಸೋಂಕುಗಳು ಹೊರಬೀಳಲು ಅಷ್ಟು ದಿನ ಹಿಡಿಯುವುದರಿಂದ, ಇಂಥ ದಿನ ಇಷ್ಟು ಜನರಿದ್ದ ಮನೆಯಲ್ಲಿದ್ದೆವು, ಆ ಕಡೆ ಮಂಗನ ಕಾಯಿಲೆಯೂ ಇದೆ ಎಂದು ವೈದ್ಯರಿಗೆ ತಾವಾಗಿಯೇ ತಿಳಿಸಿ. ಯಾವ ರಕ್ತಪರೀಕ್ಷೆ ಮೊದಲು ಮಾಡಿಸಬೇಕೆಂದು ಅವರು ನಿರ್ಧರಿಸುವುದು ಅದರಿಂದ ಸುಲಭವಾಗುತ್ತದೆ.